ಭಾರೀ ಗಾತ್ರದ ಶೀಟ್ ಫಿಲ್ಮ್‌ನ್ನು ಮನೆಯಲ್ಲೇ ಡೆವಲಪ್ ಮಾಡುವ ಬಗೆ

11×14 ಇಂಚು, 14×17 ಇಂಚು, ಅದಕ್ಕೂ ದೊಡ್ಡ 20×24 ಇಂಚು. ಇಂಥ ಫಿಲ್ಮ್ ಡೆವಲಪ್ ಮಾಡಲು ಯಂತ್ರವೇ ಬೇಕು ಅಂತ ತುಂಬಾ ಜನ ಹಿಂಜರಿಯುತ್ತಾರೆ. ಬೇಕಿಲ್ಲ. ದೊಡ್ಡ ಟ್ರೇಗಳು, ಪೂರ್ತಿ ಕತ್ತಲೆ, ಧಾರಾಳವಾಗಿ ದ್ರಾವಣ, ಅವಸರ ಮಾಡದ ಕೈ ಇದ್ದರೆ ಆಯಿತು.

ಮೊದಲು ಏನಕ್ಕೆ ಹೆದರಬೇಕು, ಏನಕ್ಕೆ ಬೇಡ ಅನ್ನುವುದು ಗೊತ್ತಿರಲಿ. ಈ ಗಾತ್ರದ ನೆಗೆಟಿವ್‌ನಿಂದ ಸಾಮಾನ್ಯವಾಗಿ ಕಾಂಟ್ಯಾಕ್ಟ್ ಪ್ರಿಂಟ್ ತೆಗೆಯುತ್ತಾರೆ, ಅಂದರೆ ನೆಗೆಟಿವನ್ನು ನೇರವಾಗಿ ಕಾಗದದ ಮೇಲಿಟ್ಟು ಅದೇ ಅಳತೆಯ ಚಿತ್ರ ಪಡೆಯುತ್ತಾರೆ, ಹಿಗ್ಗಿಸುವುದಿಲ್ಲ. ಹಾಗಾಗಿ ಧೂಳಿನ ಚುಕ್ಕೆ ಎಷ್ಟಿದೆಯೋ ಅಷ್ಟೇ ಉಳಿಯುತ್ತದೆ, ಪೆನ್ಸಿಲ್ ಹಿಡಿದು ತಿದ್ದಬಹುದು. ಆದರೆ ಆಕಾಶ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು ಆಗಿಬಿಟ್ಟರೆ ಅದನ್ನು ಮುಚ್ಚಲು ದಾರಿಯಿಲ್ಲ. ಫಿಲ್ಮ್ ಎಲ್ಲ ಕಡೆ ಒಂದೇ ಸಮ ಡೆವಲಪ್ ಆಗಬೇಕು, ಮಿಕ್ಕಿದ್ದೆಲ್ಲ ಆಮೇಲೆ. ಅದಕ್ಕೇ ನಾನು ಹೇಳುವುದು, ಒಂದು ಸಲಕ್ಕೆ ಒಂದೇ ಶೀಟ್. ಚಿಕ್ಕ ಫಿಲ್ಮ್‌ನ ಹಾಗೆ ನಾಲ್ಕೈದು ಒಟ್ಟಿಗೆ ಹಾಕಿ ಮೇಲೆ ಕೆಳಗೆ ಮಾಡಲು ಹೋದರೆ, ಒಂದರ ಮೂಲೆ ಇನ್ನೊಂದರ ಎಮಲ್ಷನ್ನನ್ನು (ಬೆಳಕಿಗೆ ಸ್ಪಂದಿಸುವ ಲೇಪ) ಗೀರದೇ ಬಿಡುವುದಿಲ್ಲ.

ದ್ರಾವಣದ ಲೆಕ್ಕ ಇಲ್ಲಿ ಬಹಳ ಮುಖ್ಯ. 8×10 ಶೀಟ್ ಒಂದು ಅಂದರೆ 80 ಚದರ ಇಂಚು, ಹೆಚ್ಚುಕಮ್ಮಿ 36 ಚಿತ್ರದ ಒಂದು ರೋಲ್‌ನಷ್ಟು. 14×17 ಅಂದರೆ 238 ಚದರ ಇಂಚು, ಮೂರು ರೋಲ್‌ಗೆ ಸಮ. ಡಿ-76 ಎಂಬ ಡೆವಲಪರನ್ನು (ಚಿತ್ರ ಮೂಡಿಸುವ ದ್ರಾವಣ) ಒಂದಕ್ಕೊಂದು ನೀರು ಬೆರೆಸಿ ಬಳಸುವುದಾದರೆ ರೋಲ್‌ಗೆ ಅರ್ಧ ಲೀಟರ್ ಹಿಡಿಯಿರಿ, ಅಂದರೆ 1.5 ಲೀಟರ್ ಆಯಿತು. ಆದರೆ ಅಷ್ಟನ್ನು 16×20 ಇಂಚಿನ ಟ್ರೇಗೆ ಸುರಿದು ನೋಡಿ, ಒಂದು ಸೆಂಟಿಮೀಟರ್ ಕೂಡ ಏರುವುದಿಲ್ಲ! ಟ್ರೇ ಎತ್ತಿದಾಗ ಫಿಲ್ಮ್‌ನ ಅರ್ಧ ಭಾಗ ಬರಿದಾಗಿ ನಿಲ್ಲುತ್ತದೆ, ಕಲೆ ಬೀಳುವುದೇ ಅಲ್ಲಿ. 3 ಲೀಟರ್ ಹಾಕಿ, ಜಿಪುಣತನ ಬೇಡ. ಟ್ರೇ ಯಾವಾಗಲೂ ಫಿಲ್ಮ್‌ಗಿಂತ ಒಂದು ಅಳತೆ ದೊಡ್ಡದಿರಲಿ.

ಅಗಲವಾದ ಟ್ರೇಯಲ್ಲಿ ತೆಳ್ಳಗೆ ಹರಡಿದ ದ್ರಾವಣ ಬೇಗನೆ ಕೋಣೆಯ ಬಿಸಿಗೆ ಬಂದುಬಿಡುತ್ತದೆ. 20 ಡಿಗ್ರಿಯಲ್ಲೇ ಹಿಡಿದಿಡಲು ಒದ್ದಾಡುವ ಬದಲು ಎಲ್ಲ ದ್ರಾವಣಗಳನ್ನೂ ಕೋಣೆಯ ಉಷ್ಣತೆಗೆ ತಂದು, ಸಮಯ ಬದಲಿಸಿಕೊಳ್ಳುವುದು ಸುಲಭ. 20 ಡಿಗ್ರಿಗೆ 10 ನಿಮಿಷ ಅಂತಿದ್ದರೆ 24 ಡಿಗ್ರಿಗೆ ಸುಮಾರು 7 ನಿಮಿಷ. ಡಬ್ಬಿಯ ಮೇಲಿನ ಸಮಯ ಸಾಮಾನ್ಯವಾಗಿ ನಿಮಿಷಕ್ಕೊಮ್ಮೆ ಅಲುಗಾಡಿಸುವ ಟ್ಯಾಂಕ್‌ಗೆ ಕೊಟ್ಟಿದ್ದು. ಟ್ರೇಯಲ್ಲಿ ಕೈ ನಿಲ್ಲುವುದೇ ಇಲ್ಲವಲ್ಲ, ಅದಕ್ಕೆ ಶೇಕಡಾ 15ರಷ್ಟು ಕಡಿಮೆ ಮಾಡಿ ಶುರು ಮಾಡಿ. ಒಟ್ಟು ಸಮಯ 5 ನಿಮಿಷಕ್ಕಿಂತ ಕೆಳಗೆ ಬಂದರೆ ಡೆವಲಪರನ್ನು ಇನ್ನಷ್ಟು ತೆಳುಮಾಡಿ, ಇಲ್ಲದಿದ್ದರೆ ಒಂದೇ ಸಮ ಬರುವುದು ಕಷ್ಟ.

ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್‌ಗೆ ಪೂರ್ತಿ ಕತ್ತಲೆಯೇ ಬೇಕು. ದೀಪ ಆರಿಸಿ ಹತ್ತು ನಿಮಿಷ ಕೂತು ನೋಡಿ, ಮುಂದಿಟ್ಟ ಬಿಳಿ ಹಾಳೆ ಕಂಡರೆ ಎಲ್ಲೋ ಬೆಳಕು ನುಸುಳುತ್ತಿದೆ ಅಂತಲೇ ಅರ್ಥ. ಕೆಂಪು ಬೆಳಕಿಗೆ ಸ್ಪಂದಿಸದ ಆರ್ಥೊ ಫಿಲ್ಮ್ ಮತ್ತು ಎಕ್ಸ್-ರೇ ಫಿಲ್ಮ್ ಆದರೆ ಕಡುಕೆಂಪು ಸೇಫ್‌ಲೈಟ್ ಸಾಕು, ಚಿತ್ರ ಮೂಡುವುದನ್ನು ಕಣ್ಣಾರೆ ನೋಡಬಹುದು. ಹೊಸಬರಿಗೆ ಅದನ್ನೇ ಮೊದಲು ಹಿಡಿಯಲು ಹೇಳುತ್ತೇನೆ. ಆದರೆ ಎಕ್ಸ್-ರೇ ಫಿಲ್ಮ್‌ಗಳಲ್ಲಿ ಹೆಚ್ಚಿನವಕ್ಕೆ ಎರಡೂ ಬದಿ ಎಮಲ್ಷನ್ ಇರುತ್ತದೆ, ಒದ್ದೆಯಾದಾಗ ಬೇಗ ಗೀರು ಬೀಳುತ್ತದೆ. ಟ್ರೇಯ ತಳದಲ್ಲಿ ಉಬ್ಬುಗೆರೆಗಳಿದ್ದರೆ ಅಂಚು ನಯ ಮಾಡಿದ ಗಾಜಿನ ಹಾಳೆ ಹಾಸಿಕೊಳ್ಳಿ.

ಟ್ರೇಗಳನ್ನು ಎಡದಿಂದ ಬಲಕ್ಕೆ ಸಾಲಾಗಿಡಿ: ನೀರು, ಡೆವಲಪರ್, ಸ್ಟಾಪ್ ಬಾತ್ (ಡೆವಲಪ್ ಆಗುವುದನ್ನು ನಿಲ್ಲಿಸುವ ದ್ರಾವಣ), ಫಿಕ್ಸರ್ (ಚಿತ್ರವನ್ನು ಬೆಳಕಿಗೆ ಕೆಡದಂತೆ ಕಾಯಂ ಮಾಡುವ ದ್ರಾವಣ). ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಡೆವಲಪರಿಗೆ ಬಳಸುವ ರಾಸಾಯನಿಕಗಳಲ್ಲಿ ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಪೈರೊ ಅಂತೂ ವಿಷವೇ. ಉಗುರು ತಾಗಿ ಗೀರುವುದೂ ತಪ್ಪುತ್ತದೆ. ಹಾಳಾದ ಒಂದು ಶೀಟ್ ಹಿಡಿದು ಬೆಳಕಿನಲ್ಲೇ, ಬರೀ ನೀರಿನಲ್ಲಿ, ಎಲ್ಲ ಹಂತಗಳನ್ನೂ ಒಮ್ಮೆ ಅಭ್ಯಾಸ ಮಾಡಿ, ಆಮೇಲೆ ಕಣ್ಣು ಮುಚ್ಚಿಕೊಂಡು ಮಾಡಿ.

ಈಗ ಕೆಲಸ. ಶೀಟನ್ನು ಉದ್ದುದ್ದ ಹಿಡಿದಾಗ ಅಂಚಿನ ಕಚ್ಚುಗಳು ಮೇಲೆ ಬಲಮೂಲೆಯಲ್ಲಿದ್ದರೆ ಎಮಲ್ಷನ್ ನಿಮ್ಮ ಕಡೆಗಿದೆ. ಆ ಬದಿ ಮೇಲಿರುವಂತೆ ನೀರಿಗೆ ಜಾರಿಸಿ ಮೂರು ನಿಮಿಷ ನೆನೆಸಿ. ನೀರಿಗೆ ಬಣ್ಣ ಬಿಟ್ಟರೆ ಗಾಬರಿ ಬೇಡ. ಎರಡು ಮೂಲೆ ಹಿಡಿದು ಎತ್ತಿ, ನೀರು ಸೋರಲು ಬಿಟ್ಟು, ಡೆವಲಪರಿನೊಳಗೆ ಒಂದೇ ಎಳೆತಕ್ಕೆ, ತಡೆಯದೆ ಜಾರಿಸಿ. ಇಲ್ಲಿ ಅರ್ಧಕ್ಕೆ ನಿಂತರೆ ಗೆರೆ ಗ್ಯಾರಂಟಿ.

ಮೊದಲ ಅರ್ಧ ನಿಮಿಷ ಬಿಡದೆ ಆಡಿಸಿ. ಆಮೇಲೆ ಟ್ರೇಯ ಹತ್ತಿರದ ಅಂಚು ಎರಡು ಸೆಂಟಿಮೀಟರ್ ಎತ್ತಿ ಇಳಿಸಿ, ಅಲೆ ಆ ಕಡೆ ಹೋಗಿ ವಾಪಸ್ ಬರಲಿ. ನಂತರ ಬಲ ಅಂಚು, ಆಚೆ ಅಂಚು, ಎಡ ಅಂಚು, ಹೀಗೆ ಸುತ್ತು ಹಾಕುತ್ತಿರಿ. ಸುಮ್ನೆ ಒಂದೇ ಕಡೆಯಿಂದ ಎತ್ತುತ್ತಾ ಕೂತರೆ ಅಲೆಯ ಗುರುತು ಫಿಲ್ಮ್ ಮೇಲೆ ಉಳಿಯುತ್ತದೆ. ಜೋರಾಗಿ ಆಡಿಸಿದರೂ ಕಷ್ಟ, ದ್ರಾವಣ ಗೋಡೆಗೆ ಬಡಿದು ಮರಳುವ ಜಾಗದಲ್ಲಿ ಅಂಚುಗಳು ಹೆಚ್ಚು ದಟ್ಟವಾಗುತ್ತವೆ. ಗಡಿಯಾರದ ಹೊಳೆಯುವ ಮುಳ್ಳು ನೋಡುವುದಕ್ಕಿಂತ ಸದ್ದು ಮಾಡುವ ಟೈಮರ್ ವಾಸಿ.

ಸ್ಟಾಪ್ ಬಾತ್‌ನಲ್ಲಿ ಒಂದು ನಿಮಿಷ. ರ‍್ಯಾಪಿಡ್ ಫಿಕ್ಸರ್‌ನಲ್ಲಿ ಎರಡು ನಿಮಿಷ ಕಳೆದ ಮೇಲೆ ದೀಪ ಹಾಕಬಹುದು. ಹಾಲಿನಂಥ ಮಬ್ಬು ಹೋಗಲು ಹಿಡಿದ ಸಮಯದ ಎರಡರಷ್ಟು ಕಾಲ ಒಟ್ಟು ಅದರಲ್ಲೇ ಇರಲಿ. ಆಮೇಲೆ ಐದೈದು ನಿಮಿಷಕ್ಕೆ ನೀರು ಬದಲಿಸುತ್ತಾ ಆರು ಸಲ ತೊಳೆಯಿರಿ. ಕೊನೆಗೆ ವೆಟಿಂಗ್ ಏಜೆಂಟ್ (ನೀರಿನ ಹನಿಯ ಕಲೆ ಉಳಿಯದಂತೆ ಮಾಡುವ ದ್ರವ) ಬೆರೆಸಿದ ಡಿಸ್ಟಿಲ್ಡ್ ನೀರಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ.

ಒಣಗಿಸುವಾಗ ಮೇಲಿನ ಎರಡೂ ಮೂಲೆಗೆ ಕ್ಲಿಪ್ ಹಾಕಿ ತೂಗುಹಾಕಿ, ಕೆಳಗೂ ಎರಡು ಹಗುರ ಕ್ಲಿಪ್ ಇರಲಿ. ಒಂದೇ ಕ್ಲಿಪ್ಪಿಗೆ ಬಿಟ್ಟರೆ ಇಷ್ಟು ದೊಡ್ಡ ಶೀಟ್ ಸೊಟ್ಟಗಾಗಿ ಪಕ್ಕದ್ದಕ್ಕೆ ಅಂಟಿಕೊಳ್ಳಬಹುದು. ಹೇರ್ ಡ್ರೈಯರ್ ಬೇಡ, ಧೂಳು ಹಾರಿಸುತ್ತದೆ.

ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಅಂಚು ದಟ್ಟವಾಗಿದ್ದರೆ ಮುಂದಿನ ಸಲ ಕೈ ನಿಧಾನ ಮಾಡಿ. ಅಲ್ಲಲ್ಲಿ ಮಚ್ಚೆ ಇದ್ದರೆ ಡೆವಲಪರ್ ಪ್ರಮಾಣ ಹೆಚ್ಚಿಸಿ. ನೆರಳಿನಲ್ಲಿ ವಿವರ ಇದ್ದೂ ಬೆಳಕಿನ ಭಾಗ ಸಪ್ಪೆಯಾಗಿದ್ದರೆ ಸಮಯ ಶೇಕಡಾ 15ರಷ್ಟು ಜಾಸ್ತಿ ಮಾಡಿ. ನೆರಳಿನಲ್ಲಿ ಏನೂ ಇಲ್ಲದಿದ್ದರೆ ತಪ್ಪು ಟ್ರೇಯದ್ದಲ್ಲ, ಕ್ಯಾಮೆರಾದಲ್ಲೇ ಎಕ್ಸ್‌ಪೋಷರ್ ಸಾಲದೆ ಹೋಗಿದೆ.