ಅಪ್ಪ ಅಮ್ಮನಿಗೆ ಆಪಲ್ ವಾಚ್ ಕೊಡಿಸಿದ್ದೀರಾ? ಇಷ್ಟು ನೋಡಿಕೊಳ್ಳಿ

ಊರಲ್ಲಿ ಒಬ್ಬರೇ ಇರುವ ಹಿರಿಯರಿಗೆ ವಾಚ್ ಕೊಡಿಸಿದ್ದರೆ ಮೊದಲು ಫೋನಿನ ವಾಚ್ ಆ್ಯಪ್‌ನಲ್ಲಿ ಎಮರ್ಜೆನ್ಸಿ ಎಸ್‌ಒಎಸ್‌ಗೆ ಹೋಗಿ 'ಫಾಲ್ ಡಿಟೆಕ್ಷನ್' (ಬಿದ್ದರೆ ವಾಚ್ ತಾನೇ ಗುರುತಿಸುವ ಸೌಲಭ್ಯ) ಆನ್ ಇದೆಯಾ ನೋಡಿ. ವಯಸ್ಸು 55 ದಾಟಿದೆ ಎಂದು ಸೆಟಪ್‌ನಲ್ಲಿ ತುಂಬಿದ್ದರೆ ಅದು ತಾನೇ ಆನ್ ಆಗಿರುತ್ತದೆ. ಎಷ್ಟೋ ಸಲ ಮಕ್ಕಳು ತಮ್ಮದೇ ಹುಟ್ಟಿದ ದಿನಾಂಕ ಹಾಕಿಬಿಟ್ಟಿರುತ್ತಾರೆ!

ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ವಾಚ್ ಕೈಯನ್ನು ತಟ್ಟಿ, ಶಬ್ದ ಮಾಡಿ, ಆಮೇಲೆ ತುರ್ತು ಸೇವೆಗೆ ಕರೆ ಮಾಡುತ್ತದೆ. ಮನೆಯವರಿಗೂ ಮೆಸೇಜ್ ಹೋಗಬೇಕಾದರೆ ಹೆಲ್ತ್ ಆ್ಯಪ್‌ನ ಮೆಡಿಕಲ್ ಐಡಿಯಲ್ಲಿ ತುರ್ತು ಸಂಪರ್ಕ ಎಂದು ನಿಮ್ಮ ನಂಬರ್ ಸೇರಿಸಬೇಕು. ಪಕ್ಕದ ಮನೆಯವರದ್ದೂ ಇರಲಿ. ನೀವು ಬೆಂಗಳೂರಿನಿಂದ ಓಡುವುದಕ್ಕಿಂತ ಅವರು ಬೇಗ ತಲುಪುತ್ತಾರೆ ಅಲ್ವಾ?

ಸಿಮ್ ಸೌಲಭ್ಯವಿಲ್ಲದ ಮಾಡೆಲ್ ಆದರೆ ವಾಕಿಂಗ್‌ಗೆ ಫೋನ್ ಜೇಬಿನಲ್ಲೇ ಇರಬೇಕು. ಇಲ್ಲದಿದ್ದರೆ ಕರೆ ಹೋಗುವುದಿಲ್ಲ.

ಚಾರ್ಜಿಂಗ್ ವಿಷಯ ಮುಖ್ಯ. ಹೆಚ್ಚಿನವರು ಸ್ನಾನಕ್ಕೆ ಹೋಗುವಾಗ ವಾಚ್ ಬಿಚ್ಚಿ ಚಾರ್ಜ್‌ಗೆ ಇಡುತ್ತಾರೆ. ಆದರೆ ಜಾರಿ ಬೀಳುವ ಭಯ ಜಾಸ್ತಿ ಇರುವುದೇ ಬಚ್ಚಲಲ್ಲಿ. ನೀರು ತಾಗಿದರೆ ಏನೂ ಆಗಲ್ಲ, ಸೋಪು ತಾಗದಂತೆ ನೋಡಿಕೊಂಡರೆ ಸಾಕು. ಚಾರ್ಜಿಂಗ್ ಅನ್ನು ಸಂಜೆ ಟಿವಿ ಮುಂದೆ ಕೂತ ಹೊತ್ತಿಗೆ ಇಟ್ಟುಕೊಳ್ಳಲು ಹೇಳಿ.

ಇನ್ನೊಂದು ಮಾತು. ವಾಟ್ಸಾಪ್ ಗ್ರೂಪುಗಳ ಗುಡ್ ಮಾರ್ನಿಂಗ್‌ಗೆಲ್ಲ ಕೈ ಗುರ್ ಎಂದರೆ ಬೇಸರವಾಗಿ ವಾಚನ್ನು ಬೀರುವಿಗೆ ಸೇರಿಸಿಬಿಡುತ್ತಾರೆ. ಕರೆ, ಮಾತ್ರೆಯ ನೆನಪು ಎರಡನ್ನು ಬಿಟ್ಟು ಉಳಿದ ನೋಟಿಫಿಕೇಶನ್ ಎಲ್ಲ ಆಫ್ ಮಾಡಿಕೊಡಿ.