ಹೊಸ ಲ್ಯಾಪ್‌ಟಾಪಿನ ಕಿರಿಕಿರಿಗಳು: ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ಮೂರನೇ ದಿನ ಒಂದು ಮದುವೆ ಕರೆಯೋಲೆಯ ಪ್ರೂಫ್ ಕಳಿಸಿದ್ದೆ. ಗಿರಾಕಿ ಫೋನ್ ಮಾಡಿದರು. "ಅಕ್ಕಾ, ನಮ್ಮ ಅಪ್ಪಾಜಿ ಹೆಸರು ಮಂಜಪಪ ಅಂತ ಬಿದ್ದಿದೆಯಲ್ಲ?"

ಸಾಗರದಲ್ಲಿ ಹದಿನಾರು ವರ್ಷದಿಂದ ಡಿಟಿಪಿ ಮಾಡಿಕೊಂಡು ಬಂದವಳು ನಾನು. ದಿನಾಂಕ ತಪ್ಪಿಸಿದ್ದಿದೆ, ಒಂದು ಸಲ ಮುಹೂರ್ತವನ್ನೇ ತಪ್ಪಿಸಿ ಬೈಸಿಕೊಂಡಿದ್ದೂ ಇದೆ. ಆದರೆ ಮಂಜಪ್ಪನವರ ಒತ್ತು ನುಂಗಿದ್ದು ನಾನಲ್ಲ, 58 ಸಾವಿರ ಕೊಟ್ಟು ತಂದ ಯಂತ್ರ. ಆ ವಾರವೆಲ್ಲ ಅದರ ಹುಳುಕು ಹುಡುಕುವುದೇ ಕೆಲಸವಾಯಿತು. ಒಂದು ಮೂಲೆ ಟಕ್ ಟಕ್ ಅನ್ನುತ್ತಿತ್ತು, ಬಲಗೈ ಊರಿದರೆ ಕಿರ್ ಅನ್ನುತ್ತಿತ್ತು, ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋಗುವಷ್ಟು ದೊಡ್ಡದು ಒಂದೂ ಅಲ್ಲ, ಸುಮ್ಮನಿರಲಿಕ್ಕೂ ಆಗುವುದಿಲ್ಲ. ಹೀಗೆ ಸಿಕ್ಕಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಬಿಲ್ ತೆಗೆದು ನೋಡಿ. ಬದಲಿ ಕೊಡುವ ಗಡುವು ಅಂಗಡಿಯದೇ ಬೇರೆ, ಕಂಪನಿಯ ವಾರಂಟಿಯೇ ಬೇರೆ. ಅಂಗಡಿಯ ಗಡುವು ಸಾಮಾನ್ಯವಾಗಿ ಕೆಲವೇ ದಿನ. ಆ ದಿನಗಳಲ್ಲಿ ಯಂತ್ರವನ್ನು ಬದಲಾಯಿಸಿಕೊಳ್ಳಬಹುದು. ಅದು ಮುಗಿದ ಮೇಲೆ ರಿಪೇರಿ ಮಾತ್ರ. ಹಾಗಾಗಿ "ಬಳಸ್ತಾ ಬಳಸ್ತಾ ಸರಿಹೋಗುತ್ತೆ ಬಿಡು" ಅನ್ನುವ ಮಾತಿಗೆ ಆ ಗಡುವಿನೊಳಗೆ ಕಿವಿಗೊಡಬೇಡಿ. ಡಬ್ಬ, ಫೋಮು, ಪ್ಲಾಸ್ಟಿಕ್ ಕವರು ಯಾವುದನ್ನೂ ಅಟ್ಟಕ್ಕೆ ಎಸೆಯಬೇಡಿ. ನಾನು ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ದಿನಾಂಕ ಹಾಕಿ, ಏನು ಸದ್ದು, ಯಾವಾಗ ಬರುತ್ತದೆ ಅಂತ ಬರೆದಿಟ್ಟುಕೊಂಡೆ, ಮೊಬೈಲಿನಲ್ಲಿ ವಿಡಿಯೋ ತೆಗೆದೆ. ಸರ್ವಿಸಿನವರ ಮುಂದೆ ಇಟ್ಟ ಕೂಡಲೇ ಸದ್ದು ಬಂದ್ ಆಗುವುದು ಯಂತ್ರಗಳ ಜಾತಿಗುಣ. ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಕೆಮ್ಮು ನಿಲ್ಲುವುದಿಲ್ಲವೇ, ಹಾಗೆ.

ಈಗ ಮಂಜಪ್ಪನವರ ವಿಷಯ. ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನ ಕೀಲಿಮಣೆಯಲ್ಲಿ ಟೈಪ್ ಮಾಡುವವರಿಗೆ ಗೊತ್ತು, ಒತ್ತು ಬರುವುದು ಎಫ್ ಕೀಯಿಂದ. ಕನ್ನಡ ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು. ಇಂಗ್ಲಿಷ್ ಟೈಪಿಸ್ಟರಿಗೆ ಎಫ್ ಅಪರೂಪದ ನೆಂಟ; ನಮಗೆ ಅದು ಮನೆ ಮಗ, ಸಾಲಿಗೆ ನಾಲ್ಕಾರು ಸಲ ಬೇಕು. ಅಂಗಡಿಯವನು ಇಂಗ್ಲಿಷಿನಲ್ಲಿ ನಾಲ್ಕು ಪದ ಹೊಡೆದು "ಎಲ್ಲಾ ಓಕೆ ಮೇಡಂ" ಅಂದರೆ ನಮ್ಮ ಕಷ್ಟ ಅವನಿಗೆ ಕಾಣುವುದಿಲ್ಲ. ನಾನು ಮಾಡಿದ ಪರೀಕ್ಷೆ ಇದು: "ಅಪ್ಪ ಅಮ್ಮ ಅಕ್ಕ ಅಣ್ಣ ಅಜ್ಜ ಅಜ್ಜಿ". ಮನೆಮಂದಿಯ ಹೆಸರಿನಲ್ಲೆಲ್ಲ ಒತ್ತು. ಸಾಲಿಗೆ ಆರು ಎಫ್, ಇಪ್ಪತ್ತು ಸಾಲಿಗೆ 120. ಹೊಡೆದು ಎಣಿಸಿದರೆ ಏಳು ಕಡೆ ಒತ್ತು ಹಾರಿತ್ತು. ಆಮೇಲೆ ಬೆರಳ ತುದಿಯಿಂದ ಕೀಯ ನಾಲ್ಕು ಮೂಲೆ ಮತ್ತು ನಡುವನ್ನು ಒಂದೊಂದಾಗಿ ಒತ್ತಿದೆ, ಪಕ್ಕದಲ್ಲಿ ಜೆ ಕೀಯನ್ನೂ ಹಾಗೇ ಒತ್ತಿ ಹೋಲಿಸಿದೆ. ಎಫ್‌ನ ಎಡ ಕೆಳಮೂಲೆ ಮಾತ್ರ ಮೆತ್ತಗಿತ್ತು, ಹಳೇ ಸೋಫಾದ ಹಾಗೆ. ಕೆಳಗಿಳಿಯುತ್ತಿತ್ತು, ಅಕ್ಷರ ಬೀಳುತ್ತಿರಲಿಲ್ಲ.

ತಪ್ಪು ಸಾಫ್ಟ್‌ವೇರಿನದ್ದೋ ಕೀಯದ್ದೋ ಅಂತ ತಿಳಿಯಲು ವಿಂಡೋಸಿನ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆದಿಡಿ. ನೀವು ಒತ್ತಿದ ಕೀ ಪರದೆಯ ಮೇಲೆ ಬೆಳಗುತ್ತದೆ. ಬೆಳಗದಿದ್ದರೆ ಕೀಯದ್ದೇ ತಪ್ಪು. ಬೆಳಗಿಯೂ ಒತ್ತು ಬರದಿದ್ದರೆ ನುಡಿಯ ಕಡೆ ನೋಡಿ.

ಕೀಯ ಟೋಪಿಯನ್ನು ಉಗುರು ಹಾಕಿ ಎಬ್ಬಿಸಬೇಡಿ. ಕೆಳಗೆ ಕತ್ತರಿಯ ಹಾಗೆ ಹೆಣೆದ ಎರಡು ಪುಟಾಣಿ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಅದರ ಕೊಕ್ಕೆ ಕೂದಲಿನಷ್ಟೇ ದಪ್ಪ. ಮುರಿದರೆ ಎಷ್ಟೋ ಮಾದರಿಗಳಲ್ಲಿ ಇಡೀ ಕೀಬೋರ್ಡನ್ನೇ ಬದಲಿಸಬೇಕು, ಅದೂ ನಿಮ್ಮ ಖರ್ಚಿನಲ್ಲಿ. ಯಂತ್ರ ಆಫ್ ಮಾಡಿ, ಪುಸ್ತಕದ ಹಾಗೆ ಓರೆಯಾಗಿ ನಿಲ್ಲಿಸಿ, ಕ್ಯಾಮೆರಾದವರು ಇಟ್ಟುಕೊಳ್ಳುವ ರಬ್ಬರ್ ಬ್ಲೋವರಿನಿಂದ ಕೀಯ ಸುತ್ತ ಊದಿ, ಬಲಕ್ಕೆ ಹೊರಳಿಸಿ ಊದಿ, ಎಡಕ್ಕೆ ಹೊರಳಿಸಿ ಊದಿ. ಬಾಯಿಂದ ಊದಬೇಡಿ, ಎಂಜಲು ಸಿಡಿಯುತ್ತದೆ. ಮೂರನೇ ಸುತ್ತಿಗೆ ಪ್ಯಾಕಿಂಗ್ ಫೋಮಿನದೊಂದು ಬಿಳಿ ಚೂರು ಹೊರಗೆ ಬಂತು, ಎಳ್ಳಿಗಿಂತ ಸಣ್ಣದು. ಮತ್ತೆ ಇಪ್ಪತ್ತು ಸಾಲು ಅಪ್ಪ ಅಮ್ಮ ಹೊಡೆದೆ. ಒಂದೂ ಹಾರಲಿಲ್ಲ. ಹಾರಿದ್ದರೆ ಮರುದಿನವೇ ಡಬ್ಬ ಕಟ್ಟುತ್ತಿದ್ದೆ. ಒತ್ತಿದರೂ ಬೀಳದ ಕೀ ಸಣ್ಣ ದೋಷವಲ್ಲ. ಸ್ಪೇಸ್‌ಬಾರ್ ಚಿಕ್ ಚಿಕ್ ಅನ್ನುವುದು ಸಣ್ಣ ದೋಷ. ಅದರ ಕೆಳಗಿರುವ ಉದ್ದನೆಯ ತಂತಿಯ ಸದ್ದು ಅದು. ಎಣ್ಣೆ ಬಿಡಲು ಹೋಗಬೇಡಿ.

ಇನ್ನು ಟಕ್ ಟಕ್. ಲ್ಯಾಪ್‌ಟಾಪ್ ಅಲುಗಾಡುತ್ತದೆ ಅಂದರೆ ಅರ್ಧಕ್ಕರ್ಧ ಕೇಸುಗಳಲ್ಲಿ ಅಪರಾಧಿ ಮೇಜು. ನನ್ನದು ಮಾವನವರ ಕಾಲದ ಹಲಸಿನ ಮರದ ಮೇಜು, ಮಳೆಗಾಲದಲ್ಲಿ ಉಬ್ಬುತ್ತದೆ. ಹಾಗಾಗಿ ಯಂತ್ರವನ್ನು ಅಡುಗೆಮನೆಯ ಕಡಪಾ ಕಲ್ಲಿನ ಮೇಲಿಟ್ಟು ನೋಡಿದೆ. ಯಾವ ಮೂಲೆ ಕುಣಿಯುತ್ತದೆ ಅಂತ ಗುರುತು ಮಾಡಿ, ಅದೇ ಜಾಗದಲ್ಲಿ ಅರ್ಧ ಸುತ್ತು ತಿರುಗಿಸಿ. ಕುಣಿಯುವ ಮೂಲೆ ಯಂತ್ರದ ಜೊತೆ ತಿರುಗಿ ಹೋದರೆ ತಪ್ಪು ಯಂತ್ರದ್ದು. ಇದ್ದಲ್ಲೇ ಉಳಿದರೆ ತಪ್ಪು ಕಲ್ಲಿನದ್ದೋ ಮೇಜಿನದ್ದೋ. ನನ್ನದು ಮುಂದಿನ ಎಡಮೂಲೆ, ಜೊತೆಗೇ ತಿರುಗಿತು.

ಎಷ್ಟು ತಗ್ಗು ಅಂತ ಅಳೆಯಲು ನಮ್ಮಂಥವರಿಗೆ ಒಳ್ಳೇ ಅಳತೆಗೋಲು ಇದೆ: ಪ್ರಿಂಟರಿಗೆ ಹಾಕುವ 75 ಜಿಎಸ್‌ಎಂ ಹಾಳೆ. 500 ಹಾಳೆಯ ಬಂಡಲ್ ಸುಮಾರು ಐದು ಸೆಂಟಿಮೀಟರ್ ದಪ್ಪ, ಅಂದರೆ ಒಂದು ಹಾಳೆ 0.1 ಮಿಲಿಮೀಟರ್. ಕುಣಿಯುವ ಕಾಲಿನ ಕೆಳಗೆ ಒಂದೊಂದೇ ಹಾಳೆಯ ಚೂರು ತೂರಿಸುತ್ತ ಹೋದೆ. ಐದನೆಯದಕ್ಕೆ ಸದ್ದು ನಿಂತಿತು. ಅರ್ಧ ಮಿಲಿಮೀಟರು! ಇಷ್ಟಕ್ಕೆ ಮೂರು ದಿನ ನಿದ್ದೆ ಕೆಡಿಸಿಕೊಂಡಿದ್ದೆ. ಕರೆಂಟಿನವರ ಕಪ್ಪು ಇನ್ಸುಲೇಷನ್ ಟೇಪನ್ನು ನಾಲ್ಕು ಪದರ ಮಾಡಿ, ರಬ್ಬರ್ ಕಾಲಿನ ಆಕಾರಕ್ಕೇ ಕತ್ತರಿಸಿ ಅದರ ಮೇಲೆ ಅಂಟಿಸಿದೆ. ಬಿಸಿಗೆ ಅಂಟು ಜಾರುತ್ತದೆ, ಎರಡು ತಿಂಗಳಿಗೊಮ್ಮೆ ಬದಲಿಸುತ್ತೇನೆ. ರಬ್ಬರ್ ಕಾಲನ್ನೇ ಕೀಳಬೇಡಿ, ಒಮ್ಮೆ ಕಿತ್ತರೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಗಾಳಿ ಹೋಗುವ ಕಿಂಡಿಯ ಮೇಲೆ ಏನೂ ಅಂಟಿಸಬೇಡಿ. ಎರಡು ಕೈಯಲ್ಲಿ ಹಿಡಿದು ಒದ್ದೆ ಬಟ್ಟೆಯ ಹಾಗೆ ತಿರುಚಿ ನೇರ ಮಾಡುವ ಶೂರರೂ ಇದ್ದಾರೆ. ಒಳಗಿರುವುದು ಮದರ್‌ಬೋರ್ಡು ಮತ್ತು ಪರದೆಯ ಗಾಜು, ಹುಷಾರು. ಹತ್ತು ಹಾಳೆಗಿಂತ ಹೆಚ್ಚು ಬೇಕಾದರೆ ಬದಲಿ ಕೇಳಿ.

ಜುಮ್ ಅನ್ನುವುದನ್ನು ಪತ್ತೆ ಹಚ್ಚಿದ್ದು ನಮ್ಮತ್ತೆ. ಮೇಜು ಒರೆಸಲು ಬಂದವರು ಲ್ಯಾಪ್‌ಟಾಪಿನ ಅಂಚು ಸವರಿ ಕೈ ಹಿಂದಕ್ಕೆಳೆದರು. "ಏನೇ ಇದು, ಜುಮ್ಮಂತಲ್ಲ! ಕರೆಂಟ್ ಬರ್ತಿದೆಯಾ ನೋಡೇ."

"ಅತ್ತೆ, ಅದು ಹೊಸದರ ನುಣುಪು" ಅಂದೆ. ನುಣುಪಲ್ಲ. ಲೋಹದ ಮೈಯ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಬೆರಳಿನಿಂದ ಹಗುರವಾಗಿ ಸವರಿದರೆ ಸಣ್ಣ ಕಂಪನದ ಹಾಗೆ ತಿಳಿಯುತ್ತದೆ. ಗಟ್ಟಿಯಾಗಿ ಹಿಡಿದರೆ ತಿಳಿಯುವುದಿಲ್ಲ. ಚಾರ್ಜರ್ ಕಿತ್ತ ಕೂಡಲೇ ನಿಂತರೆ ಅದು ಅಡಾಪ್ಟರಿನಿಂದ ಬರುವ ಸೋರಿಕೆ. ಅಡಾಪ್ಟರಿನೊಳಗೆ 230 ವೋಲ್ಟಿನ ಬದಿಗೂ ಲ್ಯಾಪ್‌ಟಾಪಿಗೆ ಹೋಗುವ ಬದಿಗೂ ನಡುವೆ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ, ವಿದ್ಯುತ್ತಿನ ಗದ್ದಲ ಅಡಗಿಸಲು. ಅದರ ಮೂಲಕ ಒಂದು ಮಿಲಿಆಂಪಿಯರಿಗಿಂತ ಕಡಿಮೆ ಕರೆಂಟು ಲ್ಯಾಪ್‌ಟಾಪಿನ ಮೈಗೆ ದಾಟುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕಿಳಿಯುತ್ತದೆ. ಇಲ್ಲದಿದ್ದರೆ ನಿಮ್ಮ ಕೈ ಹಿಡಿಯುತ್ತದೆ. ಟೆಸ್ಟರ್ ಇಟ್ಟರೆ ಮಿಣಿಮಿಣಿ ಅಂತ ಹತ್ತುವುದೂ ಇದಕ್ಕೇ.

ಅಂದರೆ ಇದು ಲ್ಯಾಪ್‌ಟಾಪಿನ ದೋಷವೇ ಅಲ್ಲ. ನನ್ನ ಅಡಾಪ್ಟರಿನದು ಮೂರು ಪಿನ್ನಿನ ವಯರು, ಅರ್ಥಿನ ದಪ್ಪ ಪಿನ್ನೂ ಸರಿಯಾಗಿತ್ತು. ಮೋಸ ಇದ್ದದ್ದು ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ. ಮೇಲೆ ಮೂರು ತೂತು, ಬಿಚ್ಚಿ ನೋಡಿದರೆ ಒಳಗೆ ಎರಡೇ ವಯರು. ಅರ್ಥಿನ ತೂತು ಬರೀ ಅಲಂಕಾರ. ನೇರ ಗೋಡೆಯ ಸಾಕೆಟ್ಟಿಗೆ ಹಾಕಿದೆ, ಜುಮ್ ಹೋಯಿತು. ನಿಮ್ಮಲ್ಲಿ ಗೋಡೆಯ ಸಾಕೆಟ್ಟಿನಲ್ಲೂ ಹೋಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ನೋಡಿಸಿ. ಉಪ್ಪು ಇದ್ದಿಲು ಹಾಕಿದ ಹಳೇ ಗುಂಡಿ ಬೇಸಿಗೆಯಲ್ಲಿ ಒಣಗಿ ಕೂತಿರುತ್ತದೆ, ನೀರು ಹಾಕುವವರಿರುವುದಿಲ್ಲ. ಎರಡು ಪಿನ್ನಿನ ಸಾಕೆಟ್ಟಿಗೆ ಕೂರಲಿ ಅಂತ ದಪ್ಪ ಪಿನ್ನನ್ನು ಇಕ್ಕಳದಲ್ಲಿ ಮುರಿದುಹಾಕುವ ಬುದ್ಧಿವಂತಿಕೆ ಮಾತ್ರ ಬೇಡ. ಜುಮ್ ಅಲ್ಲದೆ ಚುರುಕ್ ಅಂತ ಹೊಡೆದರೆ, ಅಡಾಪ್ಟರಿನಿಂದ ಸುಟ್ಟ ವಾಸನೆ ಬಂದರೆ ಸ್ವಿಚ್ ಆಫ್ ಮಾಡಿ, ಮತ್ತೆ ಹಾಕಬೇಡಿ.

ಬಲಗೈ ಊರಿದಾಗಿನ ಕಿರ್ ಸದ್ದಿಗೆ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಚಿಕ್ಕಪ್ಪನ ಮಗನನ್ನು ಕೇಳಿದೆ. "ಅಕ್ಕ, ಬಿಗಿ ಮಾಡು, ಬಿಚ್ಚಬೇಡ" ಅಂದ. ತಳದ ಸ್ಕ್ರೂಗಳಿಗೆ ಸರಿಯಾಗಿ ಕೂರುವ ಸಣ್ಣ ಸ್ಕ್ರೂಡ್ರೈವರ್ ಇರಬೇಕು. ಕನ್ನಡಕ ರಿಪೇರಿಯ ಸೆಟ್ಟಿನದು ಲೊಡಲೊಡ ಅಂದರೆ ತಲೆ ಸವೆದು ಆಮೇಲೆ ಯಾರಿಂದಲೂ ಬಿಚ್ಚಲಾಗುವುದಿಲ್ಲ. ಎರಡು ಬೆರಳಿನ ಬಲ ಸಾಕು, ನಿಂತಲ್ಲಿ ನಿಲ್ಲಿಸಿ. ನನ್ನದರಲ್ಲಿ ಬಲಗಡೆಯ ಒಂದು ಸ್ಕ್ರೂ ಅರ್ಧ ಸುತ್ತು ಸಡಿಲ ಇತ್ತು. ಸದ್ದು ಪೂರ್ತಿ ಹೋಗಲಿಲ್ಲ, ಮುಕ್ಕಾಲು ಹೋಯಿತು. ಅದೇ ಸಾಕು ಅಂದುಕೊಂಡೆ. ಬಿಚ್ಚಲೇಬೇಕಾಗಿ ಬಂದರೆ ಕಾಗದದ ಮೇಲೆ ತಳದ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಅದರ ಜಾಗದಲ್ಲೇ ಚುಚ್ಚಿಡಿ. ಹಿಂದಿನವು ಉದ್ದ, ಮುಂದಿನವು ಗಿಡ್ಡ ಇರುವುದುಂಟು. ಅದಲುಬದಲಾಗಿ ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಕೈ ಊರುವ ಕಡೆ ಮೊಡವೆ ಎದ್ದ ಹಾಗೆ ಉಬ್ಬುತ್ತದೆ.

ಪರದೆ ನೋಡಲು ಕತ್ತಲು ಬೇಕು. ಮಳೆಗಾಲದ ಸಾಗರದಲ್ಲಿ ಅದಕ್ಕೇನೂ ಬರವಿಲ್ಲ. ಕರೆಂಟ್ ಹೋದಾಗ ಕಪ್ಪು ಚಿತ್ರವೊಂದನ್ನು ಪರದೆ ತುಂಬ ಹಾಕಿ ನೋಡಿ. ಮೂಲೆಯ ಬೆಳಕಿನ ಮಬ್ಬು ನೀವು ತಲೆ ಅತ್ತಿತ್ತ ಸರಿಸಿದಂತೆ ಬದಲಾದರೆ ಅದು ಐಪಿಎಸ್ ಅನ್ನುವ ಬಗೆಯ ಪರದೆಯ ಸ್ವಭಾವ. ಎಲ್ಲಿಂದ ನೋಡಿದರೂ ಅಂಚಿನಲ್ಲಿ ಅದೇ ಮಚ್ಚೆ ಇದ್ದರೆ ಹಿಂದಿನ ದೀಪದ ಬೆಳಕು ಸೋರುತ್ತಿದೆ. ಮೊಬೈಲ್ ಫೋಟೋದಲ್ಲಿ ಅದು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ, ಹೆದರಬೇಡಿ. ಚುಕ್ಕಿ ಸತ್ತಿದ್ದರೆ? ಫುಲ್ ಎಚ್‌ಡಿ ಪರದೆಯಲ್ಲಿ 20,73,600 ಚುಕ್ಕಿ, ಒಂದೊಂದರಲ್ಲೂ ಕೆಂಪು, ಹಸಿರು, ನೀಲಿ ಮೂರು ಕಣ. ಒಂದು ಕಣ ಕೆಟ್ಟದ್ದಕ್ಕೆ ಕಂಪನಿಗಳು ಸಾಮಾನ್ಯವಾಗಿ ಪರದೆ ಬದಲಿಸುವುದಿಲ್ಲ. ಅಂಗಡಿಯ ಗಡುವು ಇನ್ನೂ ಇದ್ದರೆ ಕೇಳಿ ನೋಡಿ.

ಪುಟ ಉರುಳಿಸುವಾಗ ಸೊಳ್ಳೆಯ ಹಾಗೆ ಕುಂಯ್ ಅಂದರೆ ಅದು ಒಳಗಿನ ಕಾಯಿಲ್‌ಗಳ ಸದ್ದು. ಅಪಾಯವಿಲ್ಲ. ಫ್ಯಾನ್ ಟಿಕ್ ಟಿಕ್ ಅಂದರೆ ಮಾತ್ರ ವಾರಂಟಿಯಲ್ಲಿ ತೋರಿಸಿ.

ಎರಡರಲ್ಲಿ ಮನೆಮದ್ದು ನಡೆಯುವುದಿಲ್ಲ. ಮುಚ್ಚಳ ತೆಗೆಯುವಾಗ ಹಿಂಜಿನ ಹತ್ತಿರ ಚಟ್ ಅಂದರೆ, ಅಲ್ಲಿ ಪ್ಲಾಸ್ಟಿಕ್ ಬಾಯಿ ಬಿಟ್ಟಿದ್ದರೆ ಅವತ್ತೇ ಸರ್ವಿಸಿಗೆ ಕೊಡಿ. ಎಷ್ಟೋ ಯಂತ್ರಗಳಲ್ಲಿ ಹಿಂಜಿನ ಸ್ಕ್ರೂ ಹಿಡಿದಿರುವುದು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಹಿತ್ತಾಳೆ ಬಿಲ್ಲೆಯನ್ನು. ಅದು ಕಿತ್ತು ಬಂದರೆ ಮುಚ್ಚಳವೇ ಹೋಯಿತು. ಅಲ್ಲಿಯವರೆಗೆ ಮೂಲೆ ಹಿಡಿದು ತೆರೆಯಬೇಡಿ, ನಡುವೆ ಹಿಡಿಯಿರಿ. ಇನ್ನೊಂದು, ಟಚ್‌ಪ್ಯಾಡ್ ಮೇಲೆದ್ದರೆ ಅಥವಾ ತಳ ಉಬ್ಬಿದರೆ ಬ್ಯಾಟರಿ ಊದಿಕೊಂಡಿರಬಹುದು. ಒತ್ತಿ ಕೂರಿಸಬೇಡಿ, ಚಾರ್ಜಿಗೆ ಹಾಕಬೇಡಿ.

ಗಡುವಿನೊಳಗೇ ತೋರಿಸಿದರೂ ಅಂಗಡಿಯವರು ನಾಳೆ ಬಾ ಅನ್ನುತ್ತಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೊಂಡದ್ದು ಬೆಂಗಳೂರಿನಲ್ಲಾದರೂ ದೂರು ನೀವಿರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ನೋಟ್‌ಬುಕ್ಕಿನ ಹಾಳೆಯೂ ವಿಡಿಯೋವೂ ಆಗ ಬೇಕಾಗುತ್ತವೆ.

ಕೈ ಊರುವ ಕಡೆ ಅಂಟಿಸಿರುವ ಬಣ್ಣಬಣ್ಣದ ಸ್ಟಿಕ್ಕರ್‌ಗಳನ್ನು ಗಡುವು ಮುಗಿಯುವ ತನಕ ಕೀಳಬೇಡಿ. ಆಮೇಲೆ ಬೇಕಾದರೆ ಹೇರ್ ಡ್ರೈಯರ್ ದೂರದಿಂದ ಹಿಡಿದು ಬೆಚ್ಚಗೆ ಮಾಡಿ ಒಂದು ಮೂಲೆಯಿಂದ ನಿಧಾನ ಎಳೆಯಿರಿ. ಉಳಿದ ಅಂಟಿಗೆ ಬಟ್ಟೆಯ ತುದಿಗೆ ಎರಡು ಹನಿ ತೆಂಗಿನೆಣ್ಣೆ ಹಾಕಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿದರೆ ಆಯಿತು. ನೇಲ್‌ಪಾಲಿಶ್ ರಿಮೂವರ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ತಳದಲ್ಲಿರುವ ಸೀರಿಯಲ್ ನಂಬರಿನ ಚೀಟಿ ಮುಟ್ಟಬೇಡಿ, ವಾರಂಟಿ ಕೇಳುವಾಗ ಮೊದಲು ಕೇಳುವುದೇ ಆ ನಂಬರು.