ಮದ್ದಳೆಗಾರರನ್ನು ಮಾತಿಗೆಳೆದದ್ದು

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಸುತ್ತಮುತ್ತ ಹಿಮ್ಮೇಳದವರಿಗೆ ಬರವಿಲ್ಲ. ಅವರನ್ನು ರೇಡಿಯೋದಲ್ಲಿ ಮಾತನಾಡಿಸುವುದೇ ಕಷ್ಟ. ಎಂಬತ್ತು ದಾಟಿದ ಮದ್ದಳೆಗಾರರೊಬ್ಬರನ್ನು ಕಲಾಜೀವನದ ಬಗ್ಗೆ ಕೇಳಿದರೆ, "ಎಂಥ ಹೇಳುವುದು, ಬಾರಿಸಿದೆವು" ಎಂದು ಸುಮ್ಮನಾದರು. ಹೆಡ್‌ಫೋನಿನಲ್ಲಿ ಉಳಿದದ್ದು ಫ್ಯಾನಿನ ಸದ್ದು.

ಫ್ಯಾನ್ ಆರಿಸಿ, ಪ್ರಶ್ನೆಪಟ್ಟಿ ಮಡಚಿಟ್ಟು, ಅವರ ಮದ್ದಳೆಯನ್ನೇ ಮಡಿಲಿಗೆ ಕೊಟ್ಟೆ. "ಅಜ್ಜ, ಬಿರುಸಿನ ಏರುಪದ್ಯಕ್ಕೆ ಕೈ ಹೇಗೆ ಓಡುತ್ತದೆ?" ಎಡದ ಚರ್ಮದ ಮುಚ್ಚಿಗೆಯನ್ನು ತಟ್ಟಿ, ಕಿವಿಗೊಟ್ಟು, ಅದಕ್ಕೆ ಮೆತ್ತಿದ ಕಣಕ ನೋಡಿ "ಬೋನ ಒಣಗಿದೆ" ಎಂದು ಗೊಣಗಿದರು. ಅಲ್ಲಿಂದ ಮಾತು ಬೋನ ಕಲಸುವ ಹದಕ್ಕೆ, ಮಳೆಗಾಲದಲ್ಲಿ ಇಳಿದುಹೋಗುವ ಶ್ರುತಿಗೆ, ಬೆಳಗಿನ ಜಾವ ತೂಕಡಿಸಿ ತಾಳ ತಪ್ಪಿಸಿದ ಭಾಗವತರೊಬ್ಬರ ಕಥೆಗೆ ಹರಿಯಿತು. ಇಂಥವರಿಗೆ ನೆನಪಿರುವುದು ಕೈಯಲ್ಲಿ. ಇಸವಿ ಕೇಳಿ ಪ್ರಯೋಜನವಿಲ್ಲ.

ಬಾಯಿಗೊಂದು, ಮದ್ದಳೆಗೊಂದು ಮೈಕ್ ಇಟ್ಟು ಬೇರೆ ಬೇರೆ ಟ್ರ್ಯಾಕಿನಲ್ಲಿ ಧ್ವನಿಮುದ್ರಿಸಿದೆವು. ಜೋರಾದ ಪೆಟ್ಟನ್ನು ಮೊದಲೇ ಬಾರಿಸಲು ಹೇಳಿ ಅದಕ್ಕೆ ತಕ್ಕಂತೆ ಗೇನ್, ಅಂದರೆ ಮೈಕಿನ ದನಿ ಹಿಗ್ಗಿಸುವ ಮಟ್ಟ, ತಗ್ಗಿಸಿಡಬೇಕು. ಒಡೆದ ದನಿ ಎಡಿಟಿಂಗಿನಲ್ಲಿ ಪೂರ್ತಿ ಸರಿಯಾಗುವುದಿಲ್ಲ.

ಪ್ರಸಾರದಲ್ಲಿ ಕತ್ತರಿ ಹಾಕಿದ್ದು ಆ ಭಾಗವತರ ಹೆಸರಿಗೆ ಮಾತ್ರ. ಅವರ ಮನೆಯವರೂ ನಮ್ಮ ಕೇಳುಗರೇ.